ಘಾಟಿಗೆಂದು ಕೊಟ್ಟ ನಿಂಬೆಹಣ್ಣು

ಮೊನ್ನೆ ಒಂದು ನಿಂಬೆಹಣ್ಣು ನನ್ನ ಮಾನ ಉಳಿಸಿತು. ನಾನು ಐರ್ಲೆಂಡಿನ ಒಂದು ವೃದ್ಧಾಶ್ರಮದಲ್ಲಿ ನರ್ಸು. ಅಲ್ಲಿನ ಹಿರಿಯರಿಗೆ ಸಮುದ್ರ ತೋರಿಸಲೆಂದು ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದೆವು. ದಾರಿ ಒಂದೆರಡು ಸಲ ಸುತ್ತಿ ಬಳಸಿತೋ ಇಲ್ಲವೋ, ಪಕ್ಕದಲ್ಲಿದ್ದ ನೋರಾ ಎಂಬ ಮುದುಕಿ ಹೊಟ್ಟೆ ಹಿಡಿದುಕೊಂಡಳು. ಬಿಳಿಯ ಮುಖವೂ ಇನ್ನಷ್ಟು ಬಿಳುಚಬಹುದೆಂದು ಆವತ್ತು ಕಂಡೆ. ಮಾತ್ರೆಯ ಡಬ್ಬಿಯನ್ನು ನಾನು ಆಶ್ರಮದಲ್ಲೇ ಮರೆತು ಬಂದಿದ್ದೆ. ಪ್ರಯಾಣವೆಂದರೆ ರೂಢಿಯಂತೆ ಕೋಟಿನ ಜೇಬಿಗೆ ಹಾಕಿಕೊಳ್ಳುವ ನಿಂಬೆಹಣ್ಣು ತೆಗೆದು, ಸಿಪ್ಪೆಯನ್ನು ಉಗುರಿನಿಂದ ಗೀರಿ ಅವಳ ಮೂಗಿಗೆ ಹಿಡಿದೆ. ನೋರಾ ನಿಧಾನಕ್ಕೆ ಸುಧಾರಿಸಿಕೊಂಡಳು. ಸುಧಾರಿಸಿಕೊಂಡ ಮುದುಕಿ ಸುಮ್ಮನೆ ಕೂರುತ್ತಾಳೆಯೇ?

“ಅಷ್ಟು ದೂರದಿಂದ ಇಲ್ಲಿಗೆ ಯಾಕೆ ಬಂದೆ ನೀನು?” ಎಂದು ಕೇಳಿದಳು.

ಈ ಪ್ರಶ್ನೆಗೆ ನನ್ನಲ್ಲಿ ಉತ್ತರಗಳಿಗೆ ಬರವಿಲ್ಲ. ಕೇಳುವವರ ಮುಖ ನೋಡಿ ಬಡಿಸುತ್ತೇನೆ. ಅಪ್ಪನಿಗೆ ಸಂಬಳ ಎಂದಿದ್ದೆ. ಓದಿಸಿದ ಮೇಡಂಗೆ ಅನುಭವ ಎಂದಿದ್ದೆ. ಗೆಳತಿಯರಿಗೆ ಹಿಮ ನೋಡಬೇಕು ಎಂದಿದ್ದೆ; ಇಲ್ಲಿ ಬೀಳುವುದು ಬರೀ ಮಳೆ. ಯಾವುದೂ ಸುಳ್ಳಲ್ಲ, ಆದರೆ ಯಾವುದೂ ಅಸಲು ಕಾರಣವಲ್ಲ. ಅದು ತಿಳಿಯಬೇಕಾದರೆ ನೀವು ನನ್ನ ಜೊತೆ ತಾಳವಾಡಿಯ ಹತ್ತಿರದ ದೊಡ್ಡಗಾಜನೂರಿಗೆ ಬರಬೇಕು.

ಅಲ್ಲಿ ನನ್ನ ಸೋದರತ್ತೆ ಪುಟ್ಟತಾಯಮ್ಮ ಇದ್ದಾಳೆ, ಅಪ್ಪನ ಅಕ್ಕ. ನಮ್ಮ ಮನೆಯಿಂದ ಕೂಗಿದರೆ ಓಗೊಡುವಷ್ಟು ಹತ್ತಿರ ಅವಳ ಮನೆ. ಅವ್ವ ಬೆಳಿಗ್ಗೆಯೇ ಕೋಸು ಕೊಯ್ಯುವ ಕೂಲಿಗೆ ಹೋಗುತ್ತಿದ್ದುದರಿಂದ ನನ್ನ ತಲೆ ಬಾಚಿದ್ದು, ಹೇನು ಹೆಕ್ಕಿದ್ದು, ಕಿವಿ ಹಿಂಡಿದ್ದು ಎಲ್ಲ ಅತ್ತೆಯೇ. ಅವಳು ಹೆದರುತ್ತಿದ್ದುದು ಒಂದೇ ಒಂದಕ್ಕೆ. ಆನೆಗಲ್ಲ, ಹೊಲಕ್ಕೆ ಬಂದ ಆನೆಯನ್ನು ನೆಂಟರನ್ನು ಬೈಯುವ ಹಾಗೆ ಬೈದು ಕಳಿಸುತ್ತಿದ್ದಳು. ಅವಳ ಹೆದರಿಕೆಯೆಲ್ಲ ದಿಂಬಂ ಘಾಟಿಗೆ. ಸತ್ಯಮಂಗಲಕ್ಕೆ ಇಳಿಯುವ ಆ ತಿರುವುಗಳಲ್ಲಿ ಅವಳ ಹೊಟ್ಟೆಯೊಳಗೆ ಏನೂ ನಿಲ್ಲುತ್ತಿರಲಿಲ್ಲ. ಆಸ್ಪತ್ರೆಗೆಂದರೂ ಬಯಲು ದಾರಿಯ ಚಾಮರಾಜನಗರಕ್ಕೇ ಹೋಗುವಳು. ಘಾಟಿ ಇಳಿಯುವ ನಮಗೆಲ್ಲ ಹಿತ್ತಲಿನ ಗಿಡದಿಂದ ಒಂದೊಂದು ನಿಂಬೆಹಣ್ಣು ಕಿತ್ತು ಕೊಟ್ಟು ಕಳಿಸುತ್ತಿದ್ದಳು.

ಈ ಅತ್ತೆಗೆ ಮಾದೇವ ಎಂಬ ಮಗ. ನಮ್ಮಲ್ಲಿ ಸೋದರತ್ತೆಗೆ ಮಗನಿದ್ದರೆ ತಮ್ಮನ ಮಗಳ ಮೇಲೆ ಮೊದಲ ಹಕ್ಕು ಅವಳದು. ಅವಳು ‘ಆಗಲಿ’ ಎನ್ನದೆ ಹುಡುಗಿಯನ್ನು ಹೊರಗೆ ಕೊಡುವಂತಿಲ್ಲ. ಅಪ್ಪನಂತೂ, “ಬೆಣ್ಣೆ ಮನೇಲಿಟ್ಕಂಡು ತುಪ್ಪಕ್ಕೆ ಊರೆಲ್ಲ ಯಾಕ್ಲಾ ಅಲೀಬೇಕು?” ಎಂದು ಕೇಳಿದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಬೆಣ್ಣೆಯಲ್ಲಿ ತಪ್ಪೇನಿರಲಿಲ್ಲ. ಮಾದೇವ ಒಳ್ಳೆಯವನು, ದುಡಿಯುವವನು. ಆದರೆ ಚಿಕ್ಕಂದಿನಲ್ಲಿ ಅವನ ಸಿಂಬಳ ಒರೆಸಿದ ಕೈ ನನ್ನದು. ಅವನನ್ನು ಗಂಡ ಎಂದುಕೊಂಡರೆ ನನಗೆ ಮೊದಲು ನಗು, ಆಮೇಲೆ ಅಳು ಬರುತ್ತಿತ್ತು.

ಒಲ್ಲೆ ಎನ್ನುವುದು ಸುಲಭ ಎಂದುಕೊಳ್ಳಬೇಡಿ. ನಮ್ಮ ಬೀದಿಯಲ್ಲೇ ಹೀಗೆ ಹೆಣ್ಣು ಕೊಡದೆ ಮುನಿದ ಅಣ್ಣ ತಂಗಿಯರಿದ್ದರು. ಸಾವಿಗೂ ಒಬ್ಬರ ಹೊಸಿಲು ಇನ್ನೊಬ್ಬರು ತುಳಿದವರಲ್ಲ. ನಾನು ಒಲ್ಲೆ ಎಂದರೆ ಅಪ್ಪನಿಗೆ ಅಕ್ಕ ಇಲ್ಲ, ನನಗೆ ಅತ್ತೆ ಇಲ್ಲ. ದೂರದ ದೇಶದ ಕೆಲಸವಾದರೆ ಯಾರಿಗೂ ಒಲ್ಲೆ ಎನ್ನಬೇಕಾಗಿಲ್ಲ. ಕೆಲಸ ಸಿಕ್ಕಿತು, ಹೋದಳು, ಅಷ್ಟೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಹೊರಡುವ ದಿನ ಅಪ್ಪ ಮುನಿಸಿಕೊಂಡು ಬಸ್‌ಸ್ಟಾಂಡಿನಲ್ಲೇ ಉಳಿದ. ಬಸ್ಸು ಹತ್ತಿ ನನ್ನ ಪಕ್ಕದಲ್ಲಿ ಕುಳಿತವಳು ಅತ್ತೆ. ಕೈಗೆ ನಿಂಬೆಹಣ್ಣು ಕೊಟ್ಟು, “ಇಮಾನಕ್ಕೆ ತಿರುವು ಎಷ್ಟವ್ವ?” ಎಂದಳು.

“ತಿರುವೇ ಇಲ್ಲ ಅತ್ತೆ, ಮ್ಯಾಲೆ ನೆಟ್ಟಗೆ ಓಯ್ತದೆ.”

“ಅಷ್ಟು ದೂರ ತಿರುವಿಲ್ದೆ ದಾರಿ ಇದ್ದದಾ? ಮಡಿಕ, ಬೇಕಾಯ್ತದೆ.”

ಇದ್ದದ್ದು ಅದೊಂದೇ ಹಣ್ಣು. ಘಾಟಿಯುದ್ದಕ್ಕೂ ನಾನು ಕೊಡಲು ಹೋದೆ, ಅವಳು ಮುಟ್ಟಲಿಲ್ಲ. ಕಿಟಕಿಗೆ ತಲೆಯಿಟ್ಟು ಕಾರಿಕೊಳ್ಳುತ್ತಲೇ ಇಳಿದಳು. ಕೆಳಗೆ ಬಣ್ಣಾರಿಯಲ್ಲಿ ಬಸ್ಸು ನಿಂತಾಗ ಬಾಯಿ ಮುಕ್ಕಳಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದಳು:

“ಮಾದೇವುಂಗೆ ಬ್ಯಾರೆ ಎಣ್ಣು ನೋಡಿವ್ನಿ. ನಿಮ್ಮಪ್ಪುಂಗೆ ನಾನೇ ಯೋಳ್ತೀನಿ. ನೀನು ದಿಗಿಲು ಬುಟ್ಟು ಓಗು ಕೂಸೆ.”

ನನ್ನ ಜಾಣತನವೆಲ್ಲ ಅಲ್ಲೇ ಇಳಿದುಹೋಯಿತು. “ನಿಂಗೆ ಬೇಜಾರಿಲ್ವಾ ಅತ್ತೆ?”

“ಐತೆ, ಇಲ್ದೆ ಏನು? ಅದು ಇವತ್ತಿರ್ತದೆ, ನಾಳಕ್ಕೋಯ್ತದೆ. ನೀನು ಮನಸಿಲ್ದೆ ನಮ್ಮನೆಗೆ ಬಂದಿದ್ರೆ, ದಿನಾ ನಿನ್ನ ಮೊಕ ನೋಡ್ಕಂಡು ನಾನೆಂಗೆ ಉಣ್ಲವ್ವ?”

ಅವಳು ಅಲ್ಲೇ ಇಳಿದು ಮೇಲಕ್ಕೆ ಹೋಗುವ ಬಸ್ಸಿಗೆ ಕಾದು ನಿಂತಳು. ಅದೇ ಘಾಟಿಯನ್ನು ಅವಳು ಮತ್ತೆ ಹತ್ತಬೇಕಿತ್ತು. ನಾನು ಊರು ಬಿಡುವ ಸಂಕಟಕ್ಕೆ ಅಳಲಿಲ್ಲ, ಅದಕ್ಕೆ ಅತ್ತುಬಿಟ್ಟೆ.

ಐರ್ಲೆಂಡಿನ ಬಸ್ಸಿನಲ್ಲಿ ನೋರಾ ಇನ್ನೂ ಉತ್ತರಕ್ಕೆ ಕಾಯುತ್ತಿದ್ದಳು. ಸಂಬಳ ಎನ್ನಲು ಬಾಯಿ ತೆರೆದವಳು ಹಣ್ಣನ್ನು ನೋಡಿ ತಡೆದೆ. “ಈ ಔಷಧ ನಮ್ಮತ್ತೆಯದು, ಅಪ್ಪನ ಅಕ್ಕನದು” ಎಂದೆ.

“ಅಂಥವಳನ್ನು ಬಿಟ್ಟು ಬಂದೆಯಾ?”

“ಅವಳನ್ನು ಉಳಿಸಿಕೊಳ್ಳುವುದಕ್ಕೇ ಬಂದೆ.”

ಇಷ್ಟು ವರ್ಷಗಳಲ್ಲಿ ಈ ಉತ್ತರ ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಆಶ್ರಮಕ್ಕೆ ಮರಳಿದೊಡನೆ ಅತ್ತೆಗೆ ಫೋನು ಮಾಡಿ ಬಸ್ಸಿನ ಕತೆ ಹೇಳಿದೆ. ಆ ಕಡೆ ಮಾದೇವನ ಮಗಳ ಗಲಾಟೆ ಕೇಳುತ್ತಿತ್ತು.

“ನಾನಂದಿರ್ನಿಲ್ವಾ, ತಿರುವು ಎಲ್ಲಾ ಕಡೆ ಇರ್ತವೆ ಅಂತ?” ಎಂದಳು ಅತ್ತೆ. ಆಮೇಲೆ ದನಿ ತಗ್ಗಿಸಿ, “ಬರೋವಾಗ್ಲೂ ಒಂದು ಜೇಬಲ್ಲಿ ಮಡಿಕ ಕೂಸೆ. ಬಣ್ಣಾರಿಗಂಟ ನಾನೇ ಇಳ್ಕಂಡು ಬತ್ತೀನಿ” ಎಂದಳು.

ಮಾರನೆಯ ದಿನವೇ ರಜೆ ಕೇಳಿದೆ. ಅಂಗಡಿಗೆ ಹೋಗಿ ನಿಂಬೆಹಣ್ಣು ಎರಡು ತಂದೆ, ಈ ಸಲ ಅವಳಿಗೂ ಒಂದು.