ಉಡಾವಣೆಯ ದಿನದ ಹಾಜರಿ

ಮೌಂಟನ್ ವ್ಯೂನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆಂಟೆನಾ ಕಟ್ಟುವಂತಿರಲಿಲ್ಲ. ನಮ್ಮ ಯಜಮಾನರು ಅದನ್ನು ಬಾಲ್ಕನಿಯ ಕರಿಬೇವಿನ ಕುಂಡದಲ್ಲಿ, ಗಿಡಕ್ಕೆ ಆಸರೆಯ ಕೋಲೆಂಬಂತೆ ನೆಟ್ಟಿದ್ದರು. ಸುತ್ತಲಿನವರೆಲ್ಲ ಶೇರಿನ ಬೆಲೆಗೆ ಕಿವಿಗೊಟ್ಟಿದ್ದ ಆ ವರ್ಷಗಳಲ್ಲಿ ಇವರ ಕಿವಿ ಮಾತ್ರ, ಗುಂಡಿ ಒತ್ತಿ ಮಾತೂ ಆಡಬಹುದಾದ ಅಂಗೈಯಗಲದ ರೇಡಿಯೋಗೆ. ಬಾಹ್ಯಾಕಾಶ ನೌಕೆ ಹಾರುವಾಗ ಗಗನಯಾತ್ರಿಗಳೂ ನೆಲದವರೂ ಆಡುವ ಮಾತನ್ನು ಹವ್ಯಾಸಿ ರೇಡಿಯೋ ಕ್ಲಬ್ಬೊಂದು ಮರುಪ್ರಸಾರ ಮಾಡುತ್ತಿತ್ತು. ಅದಕ್ಕೆ ಮುಂಚೆ ಕ್ಲಬ್ಬಿನ ಹಿರಿಯರೊಬ್ಬರು ಸದಸ್ಯರ ಕರೆಸಂಕೇತಗಳನ್ನು, ಅಂದರೆ ರೇಡಿಯೋದಲ್ಲಿ ಅವರವರಿಗಿದ್ದ ಹೆಸರುಗಳನ್ನು, ಒಂದೊಂದಾಗಿ ಕೂಗುವರು. ಥೇಟ್ ನಮ್ಮ ಕಾನ್ವೆಂಟಿನ ಹಾಜರಿ.

ಆ ಚಳಿಗಾಲ, ಇವರ ಕ್ಯಾನ್ಸರಿಗೆ ಇನ್ನು ಔಷಧಿಯಿಲ್ಲವೆಂದು ಡಾಕ್ಟರು ಮನೆಗೆ ಕಳಿಸಿದ್ದರು.

"ಇದೊಂದು ಲಾಂಚು ಕೇಳ್ಬಿಡ್ತೀನಿ ಕಣೇ. ಆಮೇಲೆ ನೀನು ಹೇಳಿದ್ದಕ್ಕೆಲ್ಲ ಹೂಂ."

"ಆಹಾ, ಇಷ್ಟು ವರ್ಷದಲ್ಲಿ ಒಂದ್ಸಲಾನೂ ಅಂದಿಲ್ವಲ್ರೀ!"

ಮೊದಲು ಮೋಡ ಅಡ್ಡ ಬಂತು. ಆಮೇಲೆ ಇಂಧನ ಸೋರಿಕೆ. ಆಮೇಲೆ ಯಾವುದೋ ವೈರು. ಪ್ರತಿ ಸಲವೂ ಅವರನ್ನು ದಿಂಬಿಗೊರಗಿಸಿ ರೇಡಿಯೋ ಕೈಗಿಡುತ್ತಿದ್ದೆ. ಅವರು ಗುಂಡಿ ಒತ್ತಿ ಹಾಜರಿ ಹೇಳುವರು. ಬೆರಳು ಸಣಕಲಾಗಿ ಉಂಗುರ ಜಾರುತ್ತಿತ್ತು, ಒಳಗೆ ದಾರ ಸುತ್ತಿಕೊಟ್ಟೆ. ಉಡಾವಣೆ ಮತ್ತೆ ಮುಂದಕ್ಕೆ ಹೋಯಿತೆಂದಾಗ ನನಗೆ ಅಳು ಬರುವಷ್ಟು ಸಿಟ್ಟು.

"ರಿಪೇರಿ ಮಾಡ್ಲಿ ಬಿಡೇ. ಒಳಗೆ ಜನ ಕೂತಿರ್ತಾರೆ. ನಿಂಗ್ಯಾಕೆ ಅವಸರ?"

ನನಗೇಕೆ ಅವಸರವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ನೌಕೆ ಕೊನೆಗೂ ಹಾರಿದ ಬೆಳಿಗ್ಗೆ ಮನೆಯಲ್ಲಿ ನಾನೊಬ್ಬಳೇ. ವೈಕುಂಠ ಸಮಾರಾಧನೆ ಮುಗಿಸಿ ನೆಂಟರು ಹೊರಟುಹೋಗಿದ್ದರು. ರೇಡಿಯೋ ಹಾಕಿ ಅವರ ದಿಂಬಿನ ಮೇಲಿಟ್ಟೆ. ಕ್ಲಬ್ಬಿಗೆ ಸುದ್ದಿ ಮುಟ್ಟಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಹಿರಿಯರು ಇವರ ಕರೆಸಂಕೇತ ಕೂಗಿದರು. ಕಾದರು. ಮತ್ತೆ ಕೂಗಿದರು.

ಕಾನ್ವೆಂಟಿನಲ್ಲಿ ಪಕ್ಕದ ಹುಡುಗಿ ಬಾರದಿದ್ದರೆ ಬೆಂಚಿನವಳು ಎದ್ದು ನಿಂತು ಹೇಳಬೇಕಿತ್ತು. ಕೂಗಿದ ಹೆಸರಿಗೆ ಯಾರಾದರೂ ಓಗೊಡಲೇಬೇಕೆಂದು ಸಿಸ್ಟರ್ ಕಟ್ಟಪ್ಪಣೆ ಮಾಡಿದ್ದರು. ಲೈಸೆನ್ಸ್ ಇಲ್ಲದವರು ರೇಡಿಯೋದಲ್ಲಿ ಮಾತಾಡಬಾರದೆಂಬುದು ಮರೆತೇಹೋಯಿತು. ಎದ್ದು ನಿಂತು ಗುಂಡಿ ಒತ್ತಿದೆ.

"ಆಬ್ಸೆಂಟ್, ಸರ್."

ಆ ಕಡೆ ಬರೀ ಗೊರಗೊರ. ಆಮೇಲೆ, ಬಹಳ ಮೆಲ್ಲಗೆ, "ಥ್ಯಾಂಕ್ ಯೂ, ಮ್ಯಾಮ್." ಮತ್ತೆ ಮುಂದಿನ ಕರೆಸಂಕೇತ ಕೂಗಿದರು.

ನೌಕೆ ಮೇಲೆದ್ದಾಗಲೂ ನಾನು ನಿಂತೇ ಇದ್ದೆ. ಕೂತುಕೋ ಎಂದು ಯಾರೂ ಹೇಳಿರಲಿಲ್ಲ.