ಬಲಗಡೆಯ ಹಿಂದಿನ ಸೀಟು

ಇಂಥದ್ದನ್ನು ಬೇರೆ ಯಾರಾದರೂ ಬರೆದಿದ್ದರೆ ಮೊದಲು ನಗುತ್ತಿದ್ದವನು ನಾನೇ. ಗೋಕಾಕದಲ್ಲಿ ನನ್ನದೊಂದು ಬೀಜ-ಗೊಬ್ಬರದ ಅಂಗಡಿ ಇದೆ. ಬೆಳೆ ಬಾಡಿತು, ಯಾರದೋ ಕಣ್ಣು ಬಿದ್ದಿದೆ ಎಂದು ರೈತರು ಬಂದರೆ, ಅವರು ತಂದ ಎಲೆಯನ್ನು ತಿರುವಿ, ಹಿಂಬದಿಗೆ ಅಂಟಿ ಕೂತ ಹುಳುವನ್ನು ತೋರಿಸುತ್ತೇನೆ. "ಇಲ್ಲಿ ನೋಡ್ರಿ ಕಾಕಾ, ನಿಮ್ಮ ದೆವ್ವ ಇಲ್ಲಿ ಐತಿ" ಎನ್ನುತ್ತೇನೆ. ಅಂಗಡಿಯಲ್ಲಿ ಕೂತವರೆಲ್ಲ ನಗುತ್ತಾರೆ. ದೆವ್ವ, ಗಾಳಿ, ಸತ್ತವರು ಬಂದು ಹೋಗುವುದು, ಇವೆಲ್ಲ ಕೆಲಸವಿಲ್ಲದವರ ಮಾತು ಎಂದೇ ತಿಳಿದಿದ್ದೆ. ಈಗಲೂ ಬಹುಮಟ್ಟಿಗೆ ಹಾಗೇ ತಿಳಿದಿದ್ದೇನೆ. ಆರೇಳು ವರ್ಷದ ಹಿಂದಿನ ಒಂದು ಮಧ್ಯಾಹ್ನ ಮಾತ್ರ ನನ್ನ ಬುದ್ಧಿಗೆ ಸಿಕ್ಕಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಂಬುವುದು, ಬಿಡುವುದು ನಿಮಗೆ ಸೇರಿದ್ದು.

ಅದಕ್ಕೆ ಮೊದಲು ನನ್ನ ಅಪ್ಪನ ವಿಷಯ ಹೇಳಬೇಕು. ನಮ್ಮೂರು ಹುಕ್ಕೇರಿ ತಾಲೂಕಿನ ದಡ್ಡಿ. ಕುರಿ ಕಾಯುವ ಮನೆತನ. ಅಪ್ಪ ಜೀವಮಾನವೆಲ್ಲ ನಡೆದ. ಸುಗ್ಗಿ ಮುಗಿಯಿತೆಂದರೆ ಹಿಂಡು ಹೊಡೆದುಕೊಂಡು ಕೌಜಲಗಿಯ ಕರಿ ಹೊಲಗಳವರೆಗೂ ಹೋಗುತ್ತಿದ್ದ. ಗೊಬ್ಬರವಾಗಲಿ ಎಂದು ಅಲ್ಲಿನ ರೈತರು ತಮ್ಮ ಹೊಲದಲ್ಲಿ ಕುರಿ ನಿಲ್ಲಿಸಿಕೊಂಡು ಅಪ್ಪನಿಗೆ ಕಾಳು ಕೊಡುತ್ತಿದ್ದರು. ಮುಂದೆ ಅದೇ ಹೊಲಗಳಿಗೆ ನಾನು ಚೀಲದ ಗೊಬ್ಬರ ಮಾರಿದೆ. "ನಿಂದ ಹಿಕ್ಕಿ ಇಲ್ಲದ ಗೊಬ್ಬರೋ, ಅದಕ್ಕೇನ ರುಚಿ ಐತಿ" ಎಂದು ಅಪ್ಪ ಚೇಷ್ಟೆ ಮಾಡುತ್ತಿದ್ದ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಹಿರಿಯರು ಬಂದರೆ ಕಂಬಳಿ ಹಾಸಬೇಕು. ಹಾಸಿದರೆ ಮುಗಿಯಲಿಲ್ಲ. ಹಾಸಿದವನು ಅಂಗೈಯಿಂದ ಕಂಬಳಿಯನ್ನು ಎರಡು ಸಲ ತಟ್ಟಿ, "ಬರ್ರಿ, ಕುಂಡರ್ರಿ" ಎನ್ನಬೇಕು. ಅಲ್ಲಿಯವರೆಗೆ ಬಂದವರು ನಿಂತೇ ಇರುತ್ತಿದ್ದರು. ಅಪ್ಪ ಈ ವಿಷಯದಲ್ಲಿ ಬಹಳ ಗಟ್ಟಿ. ನನಗೆ ಹೆಣ್ಣು ನೋಡಲು ಮೂಡಲಗಿ ಕಡೆಯ ಮಸಗುಪ್ಪಿಗೆ ಹೋದಾಗ ಬೀಗರು ಗಡಿಬಿಡಿಯಲ್ಲಿ ಕಂಬಳಿ ಹಾಸಿ, ಕುಂಡರ್ರಿ ಎನ್ನುವುದನ್ನು ಮರೆತರು. ಅಪ್ಪ ಇಡೀ ಮಾತುಕತೆಯನ್ನು ನಿಂತುಕೊಂಡೇ ಮುಗಿಸಿದ. ಚಹಾ ಕೂಡ ನಿಂತೇ ಕುಡಿದ. ನನ್ನ ಹೆಂಡತಿಯ ತವರಿನಲ್ಲಿ ಆ ಮಾತು ತೆಗೆದು ಇಂದಿಗೂ ನಗುತ್ತಾರೆ.

ಅಂಗಡಿ ಕೈಹಿಡಿದ ಮೇಲೆ ಮೊದಲ ಸಲ ಕಾರು ಕೊಂಡೆ. ದಡ್ಡಿಯ ಬೀರಪ್ಪನ ಗುಡಿ ಮುಂದೆ ಪೂಜೆ ಇಟ್ಟುಕೊಂಡೆವು. ಹೊಸ ಗಾಡಿಯಲ್ಲಿ ಮೊದಲು ಮನೆಯ ಹಿರಿಯರನ್ನು ಕೂಡಿಸಬೇಕು. ಅಪ್ಪ ಕುರಿಗಳನ್ನು ಅಡವಿಯಲ್ಲಿ ಯಾರಿಗೋ ವಹಿಸಿ ನೇರವಾಗಿ ಗುಡಿಗೆ ಬಂದಿದ್ದ. ಮಳೆ ಬಿದ್ದ ದಿನ. ಮೊಣಕಾಲಿನವರೆಗೆ ಕೆಸರು, ಚಪ್ಪಲಿಗೆ ಹಿಕ್ಕಿ. ಹಿಂದಿನ ಬಾಗಿಲ ಹತ್ತಿರ ಬಂದು ನಿಂತ. ಒಳಗೆ ಕೆನೆ ಬಣ್ಣದ ಸೀಟುಗಳು, ಇನ್ನೂ ಪ್ಲಾಸ್ಟಿಕ್ ತೆಗೆದು ಒಂದು ತಾಸೂ ಆಗಿರಲಿಲ್ಲ.

"ಅಪ್ಪಾ, ಕಾಲ ತೊಳಕೊಂಡ ಬಾ, ಸೀಟ ಹೊಲಸ ಆಕೈತಿ" ಎಂದೆ.

ಗುಡಿ ಮುಂದೆ ಹತ್ತು ಹನ್ನೆರಡು ಮಂದಿ ಇದ್ದರು. ಅಪ್ಪ ತನ್ನ ಕಾಲನ್ನು ಒಮ್ಮೆ ನೋಡಿಕೊಂಡ. "ನೀವ ಹೋಗ್ರೋ, ನಾ ಕುರಿ ಬಿಟ್ಟ ಬಂದೇನಿ" ಎಂದು ತಿರುಗಿ ನಡೆದ. ಸಿಟ್ಟೇನೂ ಇರಲಿಲ್ಲ. ಸಿಟ್ಟು ಮಾಡಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಆಮೇಲೆ ಐದು ವರ್ಷ ಎಷ್ಟು ಸಲ ಕರೆದರೂ "ಈಗ ಬ್ಯಾಡೋ, ಕಾಲ ಹೊಲಸ ಅದಾವ" ಎನ್ನುತ್ತಿದ್ದ. ಗೋಕಾಕಕ್ಕೆ ಬಂದರೆ ಬಸ್ಸಿಗೆ ಬರುತ್ತಿದ್ದ, ಬಸ್ಸಿಗೇ ಹೋಗುತ್ತಿದ್ದ. ನಾನೂ ಮೇಲುಮೇಲೆ ಕರೆದೆನೇ ಹೊರತು ಬಾಗಿಲು ತೆರೆದು ಕೈಹಿಡಿದು ಕೂಡಿಸಲಿಲ್ಲ. ತಪ್ಪಾಯಿತು ಅಂತಲೂ ಅನ್ನಲಿಲ್ಲ. ಕೌಜಲಗಿಯ ಹೊಲವೊಂದರಲ್ಲಿ ಎದೆನೋವು ಬಂದು ಅಪ್ಪ ಸತ್ತ. ನಾನು ಕಾರು ತೆಗೆದುಕೊಂಡು ಓಡಿದೆ. ನಾನು ಮುಟ್ಟುವಷ್ಟರಲ್ಲಿ ಊರವರು ಅವನನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿದ್ದರು. ದಡ್ಡಿಯವರೆಗೆ ಆ ಟ್ರ್ಯಾಕ್ಟರಿನ ಹಿಂದೆ ಖಾಲಿ ಕಾರು ನಡೆಸಿಕೊಂಡು ಬಂದೆ.

ಅದಾದ ಎರಡು ವರ್ಷಕ್ಕೆ, ವ್ಯಾಪಾರ ಚೆನ್ನಾಗಿ ಮಾಡಿದ್ದಕ್ಕೆಂದು ಬೀಜದ ಕಂಪನಿಯೊಂದು ನನ್ನಂಥ ಕೆಲವು ಅಂಗಡಿಯವರಿಗೆ ಪರದೇಶ ಪ್ರವಾಸ ಕೊಟ್ಟಿತು. ಜಾರ್ಜಿಯಾ ಎಂಬ ದೇಶ, ಹಿಮದ ಗುಡ್ಡ, ಅಲ್ಲಿ ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಜಾರುವ ಸ್ಕೀ ಆಟ. ಕಂಪನಿಯ ಖರ್ಚು ಗಂಡ-ಹೆಂಡತಿಗೆ ಮಾತ್ರ. ಹತ್ತು ವರ್ಷದ ಮಗಳು ಹಟ ಹಿಡಿದಳು. ಮಗಳು ಬಂದ ಮೇಲೆ ಅವ್ವನನ್ನು ಹೇಗೆ ಬಿಡುವುದು? ಅವರಿಬ್ಬರ ಟಿಕೆಟ್ಟು ನಾನೇ ತೆಗೆಸಿದೆ. ಕಂಪನಿಯ ಬಸ್ಸಿನಲ್ಲಿ ಅವರಿಗೆ ಜಾಗ ಇರಲಿಲ್ಲ. ಹಾಗಾಗಿ ಐದು ದಿನಕ್ಕೆ ಒಂದು ಕಾರು ಬಾಡಿಗೆಗೆ ಹಿಡಿದೆವು. "ಗೋಕಾಕ ಸಂತಿಯೊಳಗ ಗಾಡಿ ಹೊಡದಾಂವಗ ಜಗತ್ತಿನ್ಯಾಗ ಎಲ್ಲಿ ಬೇಕಾದಲ್ಲಿ ಹೊಡ್ಯಾಕ ಬರತೈತಿ" ಎಂದು ಹೆಂಡತಿಯ ಮುಂದೆ ಜಂಬ ಕೊಚ್ಚಿದೆ.

ಜಂಬ ಇಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಸ್ಟೀರಿಂಗ್ ಎಡಕ್ಕೆ, ರಸ್ತೆಯಲ್ಲಿ ಹೋಗಬೇಕಾದ್ದು ಬಲಕ್ಕೆ. ಬಾಡಿಗೆಗೆ ಕೊಡುವ ಹುಡುಗ ಒಳ್ಳೆಯವನು. ಹಿಮಕ್ಕೆಂದೇ ಬೇರೆ ಟೈರು ಹಾಕಿರುವುದನ್ನು ತೋರಿಸಿದ, ಗಾಲಿಗೆ ಸುತ್ತುವ ಸರಪಳಿಯನ್ನು ಡಿಕ್ಕಿಯಲ್ಲಿಟ್ಟ. ಅವನು ಕಾಗದ ತರಲು ಒಳಗೆ ಹೋಗಿ ಬರುವುದರೊಳಗೆ ಅವ್ವ ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಟ್ಟು, ಬಾನೆಟ್ಟಿಗೆ ಭಂಡಾರ ಹಚ್ಚಿಬಿಟ್ಟಿದ್ದಳು. ಬಿಳಿ ಕಾರಿನ ಮೇಲೆ ಹಳದಿ ಕಂಡು ಹುಡುಗ ಹೌಹಾರಿ ಬಟ್ಟೆ ಹಿಡಿದು ಓಡಿಬಂದ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವ್ವ ಚೀಲದಿಂದ ಅಪ್ಪನ ಕಂಬಳಿ ತೆಗೆದು ಹಿಂದೆ ಬಲಗಡೆಯ ಕಿಟಕಿ ಸೀಟಿನ ಮೇಲೆ ಮಡಚಿ ಇಟ್ಟಳು. ಚಳಿಗೆ ಬೇಕೆಂದು ಊರಿನಿಂದಲೇ ತಂದಿದ್ದಳು. ಅವಳು ನನ್ನ ಬೆನ್ನಿನ ಹಿಂದೆ ಕೂತಳು. ಮುಂದಿನ ಗಾಜಿನಿಂದ ಹಿಮ ಕಾಣಲಿ ಎಂದು ಮಗಳು ನಡುವೆ ಕೂತಳು. ಹೆಂಡತಿ ನನ್ನ ಬಾಜೂ ಕೂತಳು.

ಊರು ದಾಟಿದ್ದೇ ತಡ, ಕಾರು ಟಿಂಗ್ ಟಿಂಗ್ ಎನ್ನತೊಡಗಿತು. ಯಾರಾದರೂ ಬೆಲ್ಟ್ ಹಾಕದೆ ಕೂತರೆ ಬರುವ ಸಪ್ಪಳ. ಮುಂದೆ ಕೆಂಪು ದೀಪದಲ್ಲಿ ಕೂತ ಮನುಷ್ಯನ ಗುರುತು ಮಿನುಗುತ್ತಿತ್ತು. ನಾಲ್ವರ ಬೆಲ್ಟನ್ನೂ ನೋಡಿದೆವು, ಸರಿ ಇದ್ದವು. ಕಂಬಳಿಯ ಭಾರಕ್ಕೆ ಹೀಗಾಗುತ್ತಿರಬೇಕು ಎಂದು ಅದನ್ನು ಅವ್ವನ ತೊಡೆಯ ಮೇಲೆ ಇಡಿಸಿದೆ. ನಿಲ್ಲಲಿಲ್ಲ. ಖಾಲಿ ಸೀಟಿಗೂ ಬೆಲ್ಟ್ ಸಿಕ್ಕಿಸಿದೆವು. ನಿಲ್ಲಲಿಲ್ಲ. ಗಾಡಿ ನಿಂತರೆ ಸುಮ್ಮನಾಗುವುದು, ಹತ್ತು ಮಾರು ಮುಂದೆ ಹೋದರೆ ಮತ್ತೆ ಟಿಂಗ್ ಟಿಂಗ್. ಹೀಗೆ ಒಂದೂವರೆ ತಾಸು. ನನ್ನ ಸಿಟ್ಟು ನಿಮಗೆ ಗೊತ್ತಿಲ್ಲ. ಕಾರಿಗೆ, ಕಾರು ಕೊಟ್ಟವನಿಗೆ, ಅವನ ದೇಶಕ್ಕೆ, ಎಲ್ಲದಕ್ಕೂ ಬೈದೆ. "ಗಾಡಿಗ್ಯಾಕ ಬೈತೀರಿ, ಅದಕ್ಕೇನ ಕಿವಿ ಅದಾವೇನ?" ಎಂದು ಹೆಂಡತಿ ಗದರಿದಳು.

ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಿ ಹುಡುಗನಿಗೆ ಫೋನು ಹಚ್ಚಿದೆ. ನನ್ನ ಹರಕು ಇಂಗ್ಲಿಷು, ಅವನ ಹರಕು ಇಂಗ್ಲಿಷು. ಆದರೂ ಅವನು ಎರಡೆರಡು ಸಲ ಬಿಡಿಸಿ ಹೇಳಿದ್ದು ಅರ್ಥವಾಯಿತು. ಆ ಕಾರಿನಲ್ಲಿ ಬೆಲ್ಟಿನ ಸಪ್ಪಳ ಇರುವುದು ಮುಂದಿನ ಎರಡು ಸೀಟಿಗೆ ಮಾತ್ರ. ಹಿಂದೆ ಯಾರು ಕೂತರೂ, ಕೂಡ್ರದಿದ್ದರೂ ಅದಕ್ಕೆ ತಿಳಿಯುವುದಿಲ್ಲ. ಹೆಂಡತಿ ಕೆಳಗಿಳಿದು ನಿಂತಳು. ಐವತ್ತು ಮಾರು ಓಡಿಸಿ ನೋಡಿದೆ, ಮುಂದಿನ ಸೀಟಿನಲ್ಲಿ ನಾನೊಬ್ಬನೇ, ನನ್ನ ಬೆಲ್ಟ್ ಬಿಗಿಯಾಗಿಯೇ ಇತ್ತು. ಟಿಂಗ್ ಟಿಂಗ್.

ಹೆಂಡತಿಯನ್ನು ಹತ್ತಿಸಿಕೊಂಡು ಒಂದು ತಿರುವು ದಾಟಿದೆವು. ಎದುರಿಗೆ ರಸ್ತೆ ತುಂಬ ಕುರಿ. ಚಳಿಗಾಲ ಮುಗಿಯುತ್ತ ಬಂದಿತ್ತು, ಅಲ್ಲಿನ ಕುರುಬರು ಬಯಲಿನಿಂದ ಗುಡ್ಡಕ್ಕೆ ಹಿಂಡು ಹೊಡೆಯುತ್ತಿದ್ದರು. ಉಣ್ಣೆಯ ದಪ್ಪ ಹೊದಿಕೆ, ಕೈಯಲ್ಲಿ ಕೋಲು. ಬಿಸಿಲು ಚೆನ್ನಾಗಿತ್ತು. ಗಾಡಿ ಬಂದ್ ಮಾಡಿದೆ. ಎಷ್ಟೋ ವರ್ಷದ ಮೇಲೆ ಹಸಿ ಉಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಸಾಲಿ ಬಿಟ್ಟ ಮೇಲೆ ಅಪ್ಪನಿಗೆ ಬುತ್ತಿ ಒಯ್ಯುತ್ತಿದ್ದದ್ದು, ಅವನು ನನ್ನನ್ನು ಕಂಬಳಿಯ ಮೇಲೆ ಕೂಡಿಸಿ ಅರ್ಧ ರೊಟ್ಟಿ ನನಗೇ ತಿನಿಸುತ್ತಿದ್ದದ್ದು ನೆನಪಾಯಿತು. ಆಗ ನನ್ನ ಕಾಲೂ ಕೆಸರಾಗಿರುತ್ತಿದ್ದವು. ಅಪ್ಪ ಒಂದು ದಿನವೂ ತೊಳೆದುಕೊಂಡು ಬಾ ಎಂದಿರಲಿಲ್ಲ.

ಆಗ ಅವ್ವ ಹಿಂದಿನಿಂದ ಮೆಲ್ಲಗೆ ಹೇಳಿದಳು: "ನೀ ಕುಂಡ್ರ ಅನ್ನದ ನಿಮ್ಮಪ್ಪ ಹೆಂಗ ಕುಂಡ್ರತಾನೋ ತಮ್ಮಾ?"

ನಾನು ಇಳಿದೆ. ಕುರಿಗಳ ನಡುವೆ ಕಾರನ್ನು ಸುತ್ತಿಬಂದು ಬಲಗಡೆಯ ಹಿಂದಿನ ಬಾಗಿಲು ತೆರೆದೆ. ಅವ್ವ ಕಂಬಳಿ ಕೊಟ್ಟಳು, ಹಾಸಿದೆ. ಎರಡು ಸಲ ತಟ್ಟಿ, "ಬಾ ಅಪ್ಪಾ, ಕುಂಡ್ರು. ಕಾಲ ಹಂಗ ಇರಲಿ" ಎಂದೆ. ಆ ದೇಶದ ಕುರುಬನೊಬ್ಬ ನಿಂತು ನೋಡುತ್ತಿದ್ದ, ನನಗೆ ನಾಚಿಕೆಯಾಗಲಿಲ್ಲ. ಒಬ್ಬ ಮನುಷ್ಯ ಹತ್ತಿ ಸರಿಯಾಗಿ ಕೂಡ್ರುವಷ್ಟು ಹೊತ್ತು ಬಾಗಿಲು ಹಿಡಿದುಕೊಂಡು ನಿಂತು, ಆಮೇಲೆ ಹಾಕಿದೆ.

ಗಾಡಿ ಚಾಲೂ ಮಾಡಿದೆ. ಸಪ್ಪಳ ಇಲ್ಲ. ಕೆಂಪು ದೀಪವೂ ಇಲ್ಲ. ಉಳಿದ ದಿನಗಳಲ್ಲಿ ಒಂದು ಸಲವೂ ಬರಲಿಲ್ಲ. ಮಗಳು ಎರಡೇ ದಿನದಲ್ಲಿ ಜಾರುವುದನ್ನು ಕಲಿತಳು. ನಾನು ಪಟ್ಟಿ ಕಟ್ಟಿಕೊಂಡು ಬಿದ್ದೆ, ಎದ್ದೆ, ಮತ್ತೆ ಬಿದ್ದೆ. "ಏಳ್ರಿ ಸಾವ್ಕಾರ್ರ, ಇದು ಗೋಕಾಕ ಸಂತಿ ಅಲ್ಲ" ಎಂದು ಹೆಂಡತಿ ಸೇಡು ತೀರಿಸಿಕೊಂಡಳು. ಅಷ್ಟು ಹಗುರಾಗಿ ನಾನು ನಕ್ಕು ಬಹಳ ವರ್ಷಗಳಾಗಿದ್ದವು.

ಕಾರು ಮರಳಿ ಕೊಡುವಾಗ ಹುಡುಗ ಒಳಗೂ ಹೊರಗೂ ಬಗ್ಗಿ ನೋಡಿದ. ಬಲಗಡೆಯ ಹಿಂದಿನ ಬಾಗಿಲು ತೆರೆದು ಮುಖ ಕಿವುಚಿದ. ಹೊಲಸಾಗಿದೆ ಎಂದು ಕೈಸನ್ನೆ ಮಾಡಿದ. ಹೋಗಿ ನೋಡಿದೆ. ಕಾಲಿಡುವ ಚಾಪೆಯ ಮೇಲೆ ಕರಿ ಮಣ್ಣು, ಒಣಗಿ ಗಟ್ಟಿಯಾಗಿತ್ತು, ಅದರಲ್ಲಿ ನಾಲ್ಕು ಕುರಿ ಹಿಕ್ಕಿ. ಉಳಿದ ಚಾಪೆಗಳ ಮೇಲೆ ಹಿಮದ ನೀರು ಬಿಟ್ಟರೆ ಏನೂ ಇರಲಿಲ್ಲ. ಅವನು ಚಾಪೆ ಎತ್ತಿ ಝಾಡಿಸಲು ಹೊರಟ. ಸ್ವಲ್ಪ ತಡಿ ಎಂದು ಅವನ ಕೈ ಹಿಡಿದೆ. ಯಾಕೆ ಹಿಡಿದೆನೋ ಅವನಿಗೆ ಹೇಳಲು ನನ್ನಲ್ಲಿ ಇಂಗ್ಲಿಷ್ ಇರಲಿಲ್ಲ. ಕನ್ನಡದಲ್ಲಾದರೂ ಹೇಳಲಾಗುತ್ತಿತ್ತೋ ಇಲ್ಲವೋ.

ನಾನು ಎಲೆ ತಿರುವಿ ಹುಳು ಹುಡುಕುವವನು. ಆವತ್ತಿನಿಂದ ಇದನ್ನೂ ತಿರುವಿ ತಿರುವಿ ನೋಡಿದ್ದೇನೆ. ತಂತಿ ಎಲ್ಲೋ ಸಡಿಲಾಗಿದ್ದಿರಬಹುದು, ಬಾಗಿಲು ಹಾಕಿದ ಏಟಿಗೆ ಕೂಡಿಕೊಂಡಿರಬಹುದು. ಕುರಿಗಳ ನಡುವೆ ನಿಂತ ನನ್ನ ಬೂಟೇ ಚಾಪೆಗೆ ತಾಗಿರಬಹುದು, ಆದರೆ ನಾನು ಒಳಗೆ ಕಾಲಿಟ್ಟ ನೆನಪಿಲ್ಲ. ಮಗಳು ಆ ಕಡೆಯಿಂದ ಇಳಿದಳು ಎನ್ನೋಣವೆಂದರೆ, ಅವ್ವ ಆ ಕಂಬಳಿಯನ್ನು ದಾಟಲು ಅವಳನ್ನು ಬಿಟ್ಟಿರಲಿಲ್ಲ. ಕರಿ ಮಣ್ಣು ಕೌಜಲಗಿಯಲ್ಲಷ್ಟೇ ಅಲ್ಲ, ಎಲ್ಲ ದೇಶದಲ್ಲೂ ಇರುತ್ತದೆ ಎಂಬುದು ಬೀಜ ಮಾರುವ ನನಗೆ ಗೊತ್ತು.

ಹೋದ ವರ್ಷ ಒಮ್ಮೆ ಧೈರ್ಯ ಮಾಡಿ ಅವ್ವನನ್ನು ಕೇಳಿದೆ. "ಅವ್ವಾ, ಅವತ್ತ ನಿನಗ ಏನರ ಕಂಡಿತ್ತೇನ?"

"ಇಲ್ಲೋ ತಮ್ಮಾ, ನನಗೇನೂ ಕಂಡಿದ್ದಿಲ್ಲ."

"ಮತ್ತ ಹಂಗ್ಯಾಕ ಅಂದಿ?"

ಅವ್ವ ಶೇಂಗಾ ಸುಲಿಯುತ್ತಿದ್ದಳು, ತಲೆ ಎತ್ತಲಿಲ್ಲ. "ಗುಡಿ ಮುಂದ ನೀ ಹಂಗ ಅಂದಾಗಿಂದ ಹೇಳಬೇಕಂತ ಇದ್ನಿ. ಏಳ ವರ್ಷ ನಿನಗ ಕೇಳಾಕ ಪುರಸೊತ್ತ ಇದ್ದಿದ್ದಿಲ್ಲ. ಅವತ್ತ ಕುರಿ ಅಡ್ಡ ಬಂದು ನಿಂತಿದ್ದಿ, ಹೇಳಿದ್ನಿ."

ಅವ್ವ ಯಾಕೆ ಹಾಗೆ ಅಂದಳೆಂಬುದು ತಿಳಿಯಿತು. ಕಾರು ಯಾಕೆ ಹಾಗೆ ಅಂದಿತೋ ಇನ್ನೂ ತಿಳಿದಿಲ್ಲ.

ಈಗಿನ ನನ್ನ ಕಾರಿನ ಬಲಗಡೆಯ ಹಿಂದಿನ ಸೀಟಿನ ಮೇಲೆ ಆ ಕಂಬಳಿ ಇರುತ್ತದೆ. ಎಲ್ಲಿಗೆ ಹೊರಟರೂ ಆ ಬಾಗಿಲು ತೆರೆದು ಎರಡು ಸಲ ತಟ್ಟುತ್ತೇನೆ. ಹೆಂಡತಿ ಮುಂದೆ ಕೂತು ಸುಮ್ಮನೆ ಕಾಯುತ್ತಾಳೆ. ಈ ಕಾರಿನಲ್ಲಿ ಹಿಂದಿನ ಸೀಟಿಗೂ ಬೆಲ್ಟಿನ ಸಪ್ಪಳ ಇದೆ, ಆದರೆ ಖಾಲಿ ಸೀಟಿಗೆ ಅದು ಒಂದು ದಿನವೂ ಬಂದಿಲ್ಲ. ಆದರೂ ಬಂದರೆ ಕೇಳಿಸಲಿ ಎಂದು, ಊರು ದಾಟುವವರೆಗೆ ನಾನು ಹಾಡು ಹಚ್ಚುವುದಿಲ್ಲ.