ಬರೆ ಹಾಕಿದ ಕೈ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ. ನೆಲೋಗಿಯಲ್ಲಿ ಎತ್ತಿನ ಹೆಗಲು ಬಾತರೆ, ಎಮ್ಮೆಯ ಕಾಲು ಊದಿದರೆ ಜನ ನನ್ನನ್ನೇ ಕರೆಯುತ್ತಿದ್ದರು. ಸಗಣಿ ಕುಳ್ಳಿನ ಕೆಂಡದಲ್ಲಿ ಕಬ್ಬಿಣದ ಸಲಾಕೆ ಕಾಯಿಸಿ ಬರೆ ಹಾಕುವುದು ಅಪ್ಪ ಕಲಿಸಿದ ಕೆಲಸ. ಕೈ ನಡುಗಬಾರದು, ಕನಿಕರಪಡಬಾರದು, ಅಷ್ಟೇ. ಪ್ರಾಣಿ ಒದರಿದಷ್ಟೂ ರೋಗ ಹೊರಗೆ ಹೋಗುತ್ತದೆಂದು ಅಪ್ಪ ನಂಬಿದ್ದ, ನಾನೂ ನಂಬಿದ್ದೆ.

ನಮ್ಮ ನಾಯಿ ಹೆಂಡತಿಯ ತವರಿನದು. ಮರಿಯಿದ್ದಾಗ ಕಿಣ್ಣಿ ಸುಲ್ತಾನ ಎಂಬ ಊರಿನಿಂದ ಬಸ್ಸಿನಲ್ಲಿ ಸೆರಗಿನೊಳಗೆ ಮುಚ್ಚಿಕೊಂಡು ತಂದಿದ್ದಳು. ಕಂದು ಬಣ್ಣದ ಹೆಣ್ಣು ನಾಯಿ. ಒಂಬತ್ತು ವರ್ಷ ಹಾಲು ರೊಟ್ಟಿ ತಿಂದು ತೊಗರಿ ಹೊಲ ಕಾಯಿತು. ಒಮ್ಮೆ ಕಾಡುಹಂದಿಯ ಕೋರೆ ತೊಡೆ ಸೀಳಿದರೂ ಕಚ್ಚಿದ ಕಿವಿ ಬಿಟ್ಟಿರಲಿಲ್ಲ.

ಬೇಸಿಗೆಯಲ್ಲಿ ಹೆಂಡತಿಗೆ ಅದರ ಹಿಂದಿನ ಮೊಲೆಯ ಹತ್ತಿರ ಒಂದು ಗಂಟು ಕೈಗೆ ಹತ್ತಿತು. ಕಡಲೆಕಾಳಿನಷ್ಟು. ಉಣ್ಣಿ ಇರಬೇಕೆಂದು ಚಿವುಟಿ ಕೀಳಲು ನೋಡಿದೆ, ಬರಲಿಲ್ಲ, ಬಿಟ್ಟೆ. ಮಳೆಗಾಲ ಮುಗಿಯುವಷ್ಟರಲ್ಲಿ ಲಿಂಬೆಹಣ್ಣಿನಷ್ಟಾಯಿತು. ಜೇವರ್ಗಿಯ ದನದ ದವಾಖಾನೆಗೆ ತೋರಿಸೋಣವೆಂದು ಅವಳು ಎಷ್ಟು ಸಲ ಗೋಗರೆದಳೋ. ಊರ ದನವೆಲ್ಲ ನನ್ನ ಅಂಗಳಕ್ಕೆ ಬರುವಾಗ ನಾನು ನಾಯಿ ಎತ್ತಿಕೊಂಡು ಇನ್ನೊಬ್ಬರ ಬಾಗಿಲಿಗೆ ಹೋಗಬೇಕೆ? ಜನ ನಗುವುದಿಲ್ಲವೆ?

ಆಮೇಲೆ ಅದು ರೊಟ್ಟಿ ಮೂಸಿ ಬಿಡತೊಡಗಿತು. ಪಕ್ಕೆಲುಬು ಕಂಡವು. ಹೊಲದ ಅರ್ಧ ದಾರಿಯಲ್ಲೇ ಕೂತು ಕೆಮ್ಮುತ್ತಿತ್ತು. ಬೇರೆ ಯಾರದೋ ಮನೆಯಲ್ಲಿ ತಿಂದು ಬಂದು ಮೈಗಳ್ಳತನ ಮಾಡುತ್ತಿದೆ, ನನ್ನ ಬುದ್ಧಿಗೆ ಹೊಳೆದದ್ದು ಇಷ್ಟೇ. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಹಂದಿಗಳು ತೊಗರಿ ಮುರಿದು ಹಾಕಿದ್ದವು, ಇದು ಬದುವಿನ ಮೇಲೆ ಮಲಗಿತ್ತು. ಬಾರುಕೋಲು ಮುರಿಯುವವರೆಗೆ ಬಾರಿಸಿದೆ. ಅದು ಓಡಲೂ ಇಲ್ಲ.

ಅದೇ ವಾರ ಗಂಟು ಒಡೆದು ಕೀವು, ರಕ್ತ ಸೋರತೊಡಗಿತು. ಹುಣ್ಣು ಮಾಯಲಿಲ್ಲ. ಒಂದು ಮಧ್ಯಾಹ್ನ ಅಂಗಳದಲ್ಲಿ ಕುಳ್ಳು ಹೊತ್ತಿಸಿ ಸಲಾಕೆ ಇಟ್ಟೆ. ನಾಯಿಯ ಬಾಯಿಗೆ ಹಗ್ಗ ಬಿಗಿದು, ಕಾಲು ಕಟ್ಟಿ, ಕುತ್ತಿಗೆಯ ಮೇಲೆ ಮೊಣಕಾಲೂರಿ ಕೂತೆ. ಹೆಂಡತಿ ನನ್ನ ತೋಳಿಗೆ ಜೋತುಬಿದ್ದಳು.

"ಬ್ಯಾಡ್ರಿ, ಸಾಯ್ತದ ಅದು. ನಿಮ್ ಕಾಲ್ ಬೀಳ್ತೀನಿ."

"ಸರಿ ಬೇ ಆಕಡಿ," ಎಂದು ದಬ್ಬಿದೆ. ಅವಳು ಹೋಗಿ ಕಟ್ಟೆಗೆ ಬಡಿದು ಬಿದ್ದಳು.

ಗಂಟಿನ ಸುತ್ತ ಬರೆ ಎಳೆದೆ. ಕೂದಲು ಸುಟ್ಟಿತು, ಚರ್ಮ ಚುರುಗುಟ್ಟಿತು. ಮೂರನೆಯದಕ್ಕೆ ಹಗ್ಗ ಜಾರಿ ಅದು ನನ್ನ ಮುಂಗೈಗೆ ಬಾಯಿ ಹಾಕಿತು, ಹಲ್ಲು ಎಲುಬಿಗೆ ತಾಗಿತು. ನಾಲ್ಕನೆಯ ಬರೆ ಹಾಕಿದ್ದು ರೋಗಕ್ಕಲ್ಲ, ಸಿಟ್ಟಿಗೆ. ಅದು ನನಗೆ ಆಗಲೇ ಗೊತ್ತಿತ್ತು.

ಕಚ್ಚಿದ್ದಕ್ಕೆ ಸೂಜಿ ಮಾಡಿಸಿಕೊಳ್ಳಲು ಜೇವರ್ಗಿಗೆ ಹೋಗಲೇಬೇಕಾಯಿತು. ಹೆಂಡತಿ ನಾಯಿಯನ್ನು ಚಾದರದಲ್ಲಿ ಸುತ್ತಿಕೊಂಡು ಅದೇ ಟಂಟಂ ಆಟೊ ಹತ್ತಿದಳು. ಈ ಸಲ ನನ್ನನ್ನು ಕೇಳಲಿಲ್ಲ.

ದನದ ಡಾಕ್ಟರು ಹೆಣ್ಣುಮಗಳು. ಸುಟ್ಟ ಗಾಯ ನೋಡಿ, ತೊಳೆದು ಮುಲಾಮು ಹಚ್ಚಿದರು. ಎದೆಯ ಫೋಟೊ ತೆಗೆಸಲು ಕಲಬುರಗಿಗೆ ಕಳಿಸಿದರು. ಎರಡು ದಿನದ ನಂತರ ಅದನ್ನು ಬೆಳಕಿಗೆ ಹಿಡಿದು, ಇದು ಮೊಲೆಯ ಕ್ಯಾನ್ಸರು, ಪುಪ್ಪುಸಕ್ಕೆ ಹಬ್ಬಿದೆ ಎಂದರು. ಗಂಟು ಬೆಳೆಯುತ್ತಿತ್ತೇ, ಉಣ್ಣುವುದು ಬಿಟ್ಟಿತ್ತೇ, ಸೊರಗಿತ್ತೇ, ಬೇಗ ದಣಿಯುತ್ತಿತ್ತೇ, ಕೆಮ್ಮಿತ್ತೇ ಎಂದು ಹೆಂಡತಿಯನ್ನು ಕೇಳುತ್ತ ಹೋದರು. ಅವಳು ಪ್ರತಿಯೊಂದಕ್ಕೂ ಹೌದ್ರಿ, ಹೌದ್ರಿ ಅನ್ನುತ್ತಿದ್ದಳು. ಎಲ್ಲವನ್ನೂ ನಾನೂ ಕಂಡಿದ್ದೆ. ಕಂಡು ಬಡಿದಿದ್ದೆ.

"ಗಂಟು ಸಣ್ಣದಿದ್ದಾಗ ತಂದಿದ್ರ ಕೊಯ್ದು ತೆಗೀಬಹುದಿತ್ತರಿ," ಎಂದರು ಡಾಕ್ಟರು. "ಈಗ ಸೂಜಿ ಕೊಟ್ಟು ಮಲಗಿಸಿ ನೋವು ತಪ್ಪಿಸೋದೊಂದೇ ಉಳಿದದ."

ಹೆಂಡತಿ ಅತ್ತು, ಆಗಲಿ ಎಂದಳು. ಕೊನೆಯ ಸೂಜಿ ಕೊಡುವ ಮೊದಲು ತಲೆ ಹಿಡಿದುಕೊಳ್ಳಲು ಡಾಕ್ಟರು ನನಗೆ ಹೇಳಿದರು. ಅದರ ಬಾಯಿ ಕಟ್ಟಿರಲಿಲ್ಲ. ಕಚ್ಚಲಿ ಎಂದುಕೊಂಡೇ ಕೈ ಚಾಚಿದೆ, ಕಚ್ಚಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅದು ಕಚ್ಚಲಿಲ್ಲ. ನನ್ನ ಕೈ ತಾಗಿದ್ದೇ ತಡ, ಗಡಗಡ ನಡುಗಿ ಟೇಬಲ್ಲಿನ ಮೇಲೇ ಉಚ್ಚೆ ಹೊಯ್ದುಕೊಂಡಿತು. ಆಮೇಲೆ ತಾನಾಗಿಯೇ ಹೊಟ್ಟೆ ಮೇಲೆ ಮಾಡಿ ಮಲಗಿ, ಕಾಲು ಅಗಲಿಸಿ, ಕಣ್ಣು ಮುಚ್ಚಿತು. ಇನ್ನೊಂದು ಬರೆಗೆ ತಯಾರಾಗಿತ್ತು.

ಡಾಕ್ಟರು ನನ್ನ ಮುಖ ನೋಡಿದರು.

"ನೀವು ಹೊರಗ ನಿಲ್ರಿ. ಅವರು ಹಿಡೀಲಿ."

ನಾನು ಹೊರಗೆ ಬಂದು ನಿಂತೆ. ಒಳಗೆ ಹೆಂಡತಿ ಅದರ ಜೊತೆ ಮೆಲ್ಲಗೆ ಮಾತಾಡುತ್ತಿದ್ದಳು. ಏನು ಹೇಳಿದಳೆಂದು ಇಂದಿಗೂ ನನಗೆ ಹೇಳಿಲ್ಲ.